ಕೀಲಿಗಳ ಸದ್ದು

ವಿರಾಮ ಮುಗಿದು ಆಟ ಮತ್ತೆ ಶುರುವಾಗಿತ್ತಷ್ಟೇ, ವಿದ್ಯಾರ್ಥಿಗಳ ಗ್ಯಾಲರಿಯಲ್ಲಿ ಕಾರಿನ ಕೀಲಿಗಳು ಜೇಬಿನಿಂದ ಹೊರಬಿದ್ದ ಸದ್ದು ಕೇಳಿ ಲೊರೆಟಾ ಬಿಗಿಯಾಗಿ ಕಣ್ಣು ಮುಚ್ಚಿಕೊಂಡಳು.

ನಮ್ಮ ಕಾಲೇಜಿನ ಫುಟ್‌ಬಾಲ್ ಮೈದಾನವೆಂದರೆ ಸಾಮಾನ್ಯವೇ? ಇಡೀ ಟೆನೆಸಿ ರಾಜ್ಯವನ್ನು ಕೂರಿಸಿದರೂ ಕಾಲು ಚಾಚಲು ಜಾಗ ಉಳಿಯುತ್ತದೆ. ಆದರೆ ವಿರಾಮವಾಯಿತೋ, ಹುಡುಗರೆಲ್ಲ ಹೊರಗೆ ನಿಲ್ಲಿಸಿದ ಕಾರುಗಳ ಪಕ್ಕದಲ್ಲಿ ಮಾಂಸ ಸುಡುವ ಒಲೆಗಳತ್ತ ಓಡಿ, ತಿಂದು, ಹಾಗೇ ಮನೆಗೆ ಹೋಗಿಬಿಡುತ್ತಿದ್ದರು. ಈ ಸಲವೂ ಗ್ಯಾಲರಿ ಖಾಲಿಯಾದರೆ ಅದನ್ನು ಒಡೆದು ಸಿರಿವಂತರು ಕೂತು ಆಟ ನೋಡಲು ಗಾಜಿನ ಕೋಣೆ ಕಟ್ಟಿಸುತ್ತೇನೆಂದು ಕಾಲೇಜಿನ ಅಧ್ಯಕ್ಷರು ಗುಡುಗಿದ್ದರು. ಜನರನ್ನು ಹಿಡಿದಿಡುವ ಹೊಣೆ ಹೊತ್ತಿದ್ದ ಲೊರೆಟಾ, ಹೆಸರು ಕೇಳಿದರೇ ಮೂರು ಜಿಲ್ಲೆಯ ಹಂದಿಗಳು ನಡುಗುವ ವೆಂಡಲ್ ಮಾಮನನ್ನು ಒಲೆಸಮೇತ ಗ್ಯಾಲರಿಯ ಬೆನ್ನಿಗೇ ತಂದು ನಿಲ್ಲಿಸಿದ್ದಳು.

"ಹುಡುಗ್ರು ಹೊರಟೇಬಿಟ್ರಾ, ಮಾಮ?"

"ಅಯ್ಯೋ ಪೆದ್ದಿ, ಕಣ್ಣು ಬಿಟ್ಟು ನೋಡೇ! ಎದುರಾಳಿ ಇಕ್ಕಟ್ಟಿಗೆ ಸಿಕ್ಕಾಗ ನಮ್ಮೋರು ಕೀಲಿ ಅಲ್ಲಾಡ್ಸೋದು ಮರ್ತೇಹೋಯ್ತಾ? ನನ್ನ ಮಾಂಸ ಬಾಯಲ್ಲಿರೋವಾಗ ಯಾವನು ಹೋಗ್ತಾನೆ?"

ಮರೆಯದೆ ಏನು ಮಾಡಿಯಾಳು? ಆ ಗ್ಯಾಲರಿ ಆ ಸದ್ದು ಮಾಡಿ ಯಾವ ಕಾಲವಾಗಿತ್ತೋ! ಕಣ್ಣು ಬಿಟ್ಟಳು. ಒಬ್ಬರೂ ಕದಲಿರಲಿಲ್ಲ. ಒಂದು ಕೈಯಲ್ಲಿ ಮಾಂಸ ತುಂಬಿದ ಬನ್ನು, ಇನ್ನೊಂದರಲ್ಲಿ ಝಣಝಣ ಕೀಲಿ. ಆ ಸದ್ದಿಗೆ ಎದುರಾಳಿಗಳು ತಮ್ಮ ಹೆಸರನ್ನೇ ಮರೆತರು, ಮಿಸಿಸಿಪಿ ನದಿ ಒಂದು ಗಳಿಗೆ ಹಿಂದಕ್ಕೆ ಹರಿಯಿತು. ಲೊರೆಟಾ ಬಿಟ್ಟ ನಿಟ್ಟುಸಿರಿಗೆ ಮಾಮನ ಟೋಪಿ ಹಾರಿಹೋಯಿತು. ಗ್ಯಾಲರಿ ಖಾಲಿಯಾದರೆ ಯಾರಿಗೂ ಮುಖ ತೋರಿಸದೆ ಓಡಿಹೋಗಲೆಂದು ಆಗಿನಿಂದ ಮುಷ್ಟಿಯಲ್ಲೇ ಬಚ್ಚಿಟ್ಟುಕೊಂಡಿದ್ದ ತನ್ನ ಕಾರಿನ ಕೀಲಿಯನ್ನು ತಲೆಯ ಮೇಲೆತ್ತಿ, ಅವಳು ಎಲ್ಲರಿಗಿಂತ ಜೋರಾಗಿ ಅಲ್ಲಾಡಿಸಿದಳು.