ಲಿಫ್ಟಪ್ಪನ ಹೆಬ್ಬೆರಳು

"ಹೆತ್ತವರು ಮುಂದೆ ಬಂದು ನಮ್ಮ ಹೊಸ ಪೈಲಟ್‌ಗಳಿಗೆ ರೆಕ್ಕೆಯ ಬಿಲ್ಲೆ ತೊಡಿಸಬೇಕು" ಎಂದು ವಾಯುಪಡೆಯ ಅಧಿಕಾರಿ ಮೈಕಿನಲ್ಲಿ ಹೇಳಿದಾಗ ಎಲ್ಲರೂ ಎದ್ದರು, ಲಿಫ್ಟಪ್ಪ ಏಳಲಿಲ್ಲ. ಪಕ್ಕದ ಕುರ್ಚಿಯ ಹೆಂಗಸು, "ಏಳಿ, ನಿಮ್ಮನ್ನೂ ಸೇರಿಸಿಯೇ ಕರೆದಿದ್ದು" ಎಂದು ಎಚ್ಚರಿಸಿದ ಮೇಲೆ ಎದ್ದು ನಡೆದ.

ಮೈದಾನದ ತುಂಬ ಮಂಜು. ಸಾಲಾಗಿ ನಿಂತ ಹುಡುಗ ಹುಡುಗಿಯರು ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದರು, ಆಗಲೇ ನೆಲ ಬಿಟ್ಟವರ ಹಾಗೆ. ಅವರ ಹಿಂದಿನ ವಿಮಾನಗಳು ಒಮ್ಮೆ ಇದ್ದವು, ಒಮ್ಮೆ ಇರಲಿಲ್ಲ. ರೈಲಿನಲ್ಲಿ ರಾತ್ರಿಯಿಡೀ ರೆಪ್ಪೆಗೆ ರೆಪ್ಪೆ ಹಚ್ಚದ ಲಿಫ್ಟಪ್ಪನಿಗೆ ತಾನು ನಡೆಯುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ತಿಳಿಯಲಿಲ್ಲ. ಕನಸಾದರೆ ಒಳ್ಳೆಯದೇ. ಮನೆಗೆ ಹೋಗಿ ಹೆಂಡತಿಗೆ ಉತ್ತರ ಹೇಳುವುದಾದರೂ ತಪ್ಪುತ್ತದೆ.

ಹೋದ ತಿಂಗಳು ಮಗಳ ತಂಡದ ಹುಡುಗನೊಬ್ಬನ ವಿಮಾನ ಬಿದ್ದಿತ್ತು. ಅಂದಿನಿಂದ ಹೆಂಡತಿಗೆ ಅನ್ನ ಸೇರುತ್ತಿರಲಿಲ್ಲ. "ನಾನು ಬರಲ್ಲ. ನನ್ನ ಕೈಲಿ ಆಗಲ್ಲ. ಆ ಬಿಲ್ಲೆ ಚುಚ್ಚೋಕೆ ಮುಂಚೆ ಬೇಡ ಅಂತ ಒಂದೇ ಒಂದು ಮಾತು ಹೇಳಿ. ನನ್ನ ಮಾತು ಅವಳ ಕಿವಿಗೇ ಹೋಗಲ್ಲ. ನಿಮ್ಮ ಮಾತು ಮೀರಲ್ಲ" ಎಂದು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳು. ಮಗಳು ತನ್ನ ಮಾತು ಮೀರುವುದಿಲ್ಲ ಎನ್ನುವುದು ಲಿಫ್ಟಪ್ಪನಿಗೂ ಗೊತ್ತು. ಕಷ್ಟವಿದ್ದದ್ದೇ ಅಲ್ಲಿ.

ಆಸ್ಪತ್ರೆಯ ಲಿಫ್ಟು ನಡೆಸುವ ಅವನಿಗೆ ಆ ಹೆಸರಿಟ್ಟವರು ಅಲ್ಲಿನ ನರ್ಸುಗಳು. ದಿನವಿಡೀ ಮೇಲೆ ಹೋಗುತ್ತಿದ್ದ, ಆದರೆ ಎಲ್ಲಿಗೂ ಹೋದವನಲ್ಲ. ಮಗಳು ಶಾಲೆ ಬಿಟ್ಟರೆ ನೇರ ಲಿಫ್ಟಿಗೇ ಬಂದು ಅವನ ಸ್ಟೂಲನ್ನು ಕಿತ್ತುಕೊಂಡು ಕೂರುತ್ತಿದ್ದಳು. ಕೊನೆಯ ಮಹಡಿ ಬಂದಾಗಲೆಲ್ಲ ಅದೇ ಪ್ರಶ್ನೆ: "ಇದರ ಮೇಲೆ ಏನಿದೆ ಅಪ್ಪ?"

"ಇದರ ಮೇಲಕ್ಕೆ ಬಟನ್ ಇಲ್ಲ ಮರೀ."

ಸ್ಟ್ರೆಚರ್ ಬರುವಾಗ ಬಾಗಿಲು ಮುಚ್ಚದಂತೆ ಬಟನ್ ಒತ್ತಿ ಹಿಡಿಯುವ ಕೆಲಸವನ್ನು ಅವಳಿಗೆ ಕೊಟ್ಟಿದ್ದ. "ನೀನು ಹೆಬ್ಬೆರಳು ತೆಗೆಯೋವರೆಗೂ ಲಿಫ್ಟು ಅಲ್ಲಾಡಲ್ಲ. ದೊಡ್ಡ ಡಾಕ್ಟರು ಬಂದು ಕೂಗಾಡಿದ್ರೂ ಅಷ್ಟೇ" ಎಂದು ಹೇಳಿಕೊಟ್ಟಿದ್ದ. ಅವಳು ಎರಡೂ ಕೈಯ ಹೆಬ್ಬೆರಳು ಸೇರಿಸಿ ಒತ್ತುತ್ತಿದ್ದಳು.

ಮಂಜಿನೊಳಗಿಂದ ಮಗಳ ಮುಖ ಹತ್ತಿರವಾಯಿತು. ಮರದ ಬೊಂಬೆಯಂತೆ ನೆಟ್ಟಗೆ ನಿಂತಿದ್ದಳು. ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು.

"ಅಮ್ಮ ಬರಲಿಲ್ವಾ?" ತುಟಿ ಅಲ್ಲಾಡಿಸದೆ ಕೇಳಿದಳು.

"ಇಲ್ಲ. ಒಂದು ಮಾತು ಹೇಳಿ ಕಳ್ಸಿದಾಳೆ."

"ಏನು ಅಂತ ಗೊತ್ತು. ನೀನೂ ಅದನ್ನೇ ಹೇಳ್ತೀಯಾ ಅಪ್ಪ?"

ಲಿಫ್ಟಪ್ಪ ತರಬೇತುದಾರ ನೀಡಿದ ತಟ್ಟೆಯಿಂದ ಬಿಲ್ಲೆ ಎತ್ತಿಕೊಂಡು, ಅವಳ ಎಡಗಡೆಯ ಜೇಬಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಪಿನ್ನು ಕಚ್ಚಿಕೊಂಡಿತು. ಬೆರಳು ಮಾತ್ರ ಅಲ್ಲಿಂದ ಬರಲಿಲ್ಲ. ಅದರ ಕೆಳಗೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇವಳಿಗೂ ಹೆದರಿಕೆ ಇದೆ ಎಂದು ಅವನಿಗೆ ಆಗಲೇ ಗೊತ್ತಾದದ್ದು. ಈಗ ಬೇಡ ಎಂದರೆ ಸಾಕು, ಸಂಜೆಯ ರೈಲಿಗೆ ಇಬ್ಬರೂ ಮನೆಗೆ. ಆ ಮಾತು ನಾಲಗೆಯ ತುದಿಗೆ ಬಂದೇ ಇತ್ತು.

ಅಕ್ಕಪಕ್ಕದ ತಂದೆತಾಯಂದಿರು ಮಕ್ಕಳನ್ನು ತಬ್ಬಿ, ಕಣ್ಣೊರೆಸಿಕೊಂಡು, ಕುರ್ಚಿಗಳತ್ತ ಹೊರಟರು. ತರಬೇತುದಾರ ಮೆಲ್ಲಗೆ ಕೆಮ್ಮಿದ. ಮಂಜು ತೆಳುವಾಗುತ್ತ ಅವಳ ಹಿಂದಿನ ವಿಮಾನ ಮೂತಿಯಿಂದ ಬಾಲದವರೆಗೆ ಪೂರ್ತಿ ಕಾಣತೊಡಗಿತು. ಲಿಫ್ಟಪ್ಪ ಇನ್ನೂ ಒತ್ತಿಯೇ ಹಿಡಿದಿದ್ದ.

"ಅಪ್ಪಾ," ಮಗಳು ಪಿಸುಗುಟ್ಟಿದಳು, "ಸ್ಟ್ರೆಚರ್ ಯಾವುದೂ ಬರ್ತಿಲ್ಲ. ಬೆರಳು ತೆಗಿ."

ಲಿಫ್ಟಪ್ಪ ಹೆಬ್ಬೆರಳು ತೆಗೆದ. ಆಮೇಲೆ, ಬಾಗಿಲು ಮುಚ್ಚುವಾಗ ಹೊರಗೆ ಉಳಿದವರು ಸರಿದುಕೊಳ್ಳುವ ಹಾಗೆ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.