ಕರಡಿಗೆ

ವಾಚಕ ಮಹಾಶಯರೇ, ತಾವು ಮೊದಲು ಆ ಪೊಲೀಸನ ಚಾಚಿದ ಕೈಯನ್ನು ಅವಲೋಕಿಸಬೇಕು. ದೀಪಾವಳಿಯ ಹೊಸ್ತಿಲಲ್ಲೇ ದೆಹಲಿಯ ಪೇಟೆಗಳಲ್ಲಿ ಬಾಂಬು ಸಿಡಿದ ಮರುದಿನ, ಲಕ್ಷ್ಮೀ ನಗರದ ತಪಾಸಣೆಯ ಸಾಲಿನಲ್ಲಿ, ಆ ಕೈ, ಮಗಳೊಡನೆ ನಿಂತಿದ್ದ ಗುರುಬಸವನ ಅಂಗಿಯೊಳಗಿಂದ ಈಚೆ ಬಂದ ಬೆಳ್ಳಿಯ ಕರಡಿಗೆಗಾಗಿ ಕಾದಿತ್ತು. ಇನ್ನೊಂದು ಕೈ ಬಂದೂಕಿನ ಮೇಲಿತ್ತು.

“ಯೇ ಕ್ಯಾ ಹೈ?”

“ಭಗವಾನ್ ಹೈ, ಭಯ್ಯಾ.”

“ಡಬ್ಬೀ ಮೇ ಭಗವಾನ್? ಅಚ್ಛಾ! ಇಧರ್ ದೇ.”

ದೀಕ್ಷೆಯಾದಂದಿನಿಂದ ಆ ಕರಡಿಗೆಯೊಳಗಿನ ಅವನ ಇಷ್ಟಲಿಂಗ ಪರರ ಕೈ ಸೇರಿದ್ದಿಲ್ಲ. ಕೊಟ್ಟರೆ ವ್ರತಭಂಗ, ಕೊಡದಿದ್ದರೆ ಪುಟ್ಟ ಮಗಳೆದುರೇ ಜೀಪು ಹತ್ತಬೇಕು. ಗುರುಬಸವ ತಾನೇ ಮುಚ್ಚಳ ತೆಗೆದು, ಲಿಂಗವನ್ನು ತನ್ನ ಎಡ ಅಂಗೈಯಲ್ಲಿಟ್ಟು ತೋರಿಸಿದ. ಕರಿಯ ಗುಂಡಿನಂಥ ಅದನ್ನು ಕಂಡದ್ದೇ ಸಾಲಿನ ಜನ ಹಿಂದಕ್ಕೆ ಸರಿದರು. ಬಂದೂಕು ಮೇಲೆದ್ದಿತು.

“ಅಪ್ಪಾ, ಪೂಜಾ ಯಹಾಂ ಕರೋಗೆ?” ಎಂದು, ಅಪ್ಪ ಇಲ್ಲೇ ಪೂಜೆಗೆ ತೊಡಗಿದನೆಂದುಕೊಂಡು ಕೇಳಿದಳು ಮಗಳು ಸ್ಫೂರ್ತಿ. ಉತ್ತರಕ್ಕೂ ಕಾಯದೆ, ಮನೆಯಲ್ಲಿ ದಿನವೂ ಮಾಡುವಂತೆ ಚಪ್ಪಲಿ ಕಳಚಿ, ಕೈಮುಗಿದು, ಕಣ್ಣು ಮುಚ್ಚಿ, ವಿಭೂತಿಗಾಗಿ ಹಣೆಯೊಡ್ಡಿ ನಿಂತಳು. ಕರಡಿಗೆಯ ವಸ್ತ್ರಕ್ಕೆ ಅಂಟಿದ್ದ ಭಸ್ಮವನ್ನು ಗುರುಬಸವ ಬೆರಳಿನಿಂದ ಅವಳ ಹಣೆಗೆ ಹಚ್ಚಿದ. ಪೊಲೀಸನ ಚಾಚಿದ್ದ ಕೈ ನಿಧಾನವಾಗಿ ಹಿಂದೆ ಸರಿಯಿತು, ಬಂದೂಕೂ ಕೆಳಗಿಳಿಯಿತು.

“ಚಲೋ, ಜಾವೋ,” ಎಂದ ಪೊಲೀಸ್, ಅವನ ಮುಖ ನೋಡದೆ.

ಗುರುಬಸವ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಸೇರಿಸಿ, ಮಗಳನ್ನೆತ್ತಿಕೊಂಡು ಬಿರಬಿರನೆ ಹೊರಟ.

“ಅಪ್ಪಾ, ಮೇರೀ ಚಪ್ಪಲ್!”

ಬೆನ್ನ ಹಿಂದೆ ಯಾರೋ, ಇದು ಯಾರ ಚಪ್ಪಲಿ, ಯಾರು ಬಿಟ್ಟುಹೋದರು ಎಂದು ಹಿಂದಿಯಲ್ಲಿ ಗಾಬರಿಯಿಂದ ಕೂಗುತ್ತಿದ್ದರು. ಅವನು ತಿರುಗಿ ನೋಡಲಿಲ್ಲ. ಅವಳ ಬರಿಗಾಲುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಡೆದ.