ತೂತಿರೋ ರ್ಯಾಕು

“ಇದಲ್ಲ. ತೂತಿರೋದು ಬೇಕು,” ಎಂದ ಚನ್ನಮಲ್ಲಪ್ಪ.

ಶನಿವಾರಸಂತೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೀರ್ತಿಕುಮಾರ್ ಅಷ್ಟು ಹೊತ್ತಿಗೆ ಮೂರು ರ್ಯಾಕು ತೋರಿಸಿ ಮುಗಿಸಿದ್ದ. ಗಾಜಿನ ಬಾಗಿಲಿನದು, ಚಕ್ರ ಇರುವುದು, ಹೂವಿನ ಚಿತ್ರದ್ದು. ಶಿವಮ್ಮನ ಕಣ್ಣು ಹೂವಿನ ಚಿತ್ರದ್ದರ ಮೇಲಿತ್ತು. ಗಂಡ ಮಾತ್ರ ಮೂಲೆಯಲ್ಲಿ ಒರಗಿಸಿದ್ದ ಬೂದು ಬಣ್ಣದ್ದನ್ನೇ ಹಿಡಿದುಕೊಂಡು ನಿಂತಿದ್ದ. ಅದರ ನಾಲ್ಕು ಕಾಲಿಗೂ ಬುಡದಿಂದ ತುದಿಯವರೆಗೆ ಸಾಲಾಗಿ ತೂತು. ತಗಡಿನ ಹಲಗೆಗಳನ್ನು ಬೇಕಾದ ತೂತಿಗೆ ಬೋಲ್ಟು ಹಾಕಿ ಕೂರಿಸಬಹುದು.

“ಅಣ್ಣಾ, ಅದು ಗೋಡೌನಿಗೆ ಹಾಕೋದು. ಅಡುಗೆಮನೆಗೆ ಯಾರೂ ಒಯ್ಯಲ್ಲ,” ಎಂದ ಕೀರ್ತಿಕುಮಾರ್.

“ಡಬ್ಬ ದೊಡ್ಡದು ಚಿಕ್ಕದು ಇರ್ತವಲ್ಲಪ್ಪ. ಹಲಗೆ ಏರ್ಸಿ ಇಳ್ಸೋ ಹಂಗಿರ್ಬೇಕು.”

“ಯಾವ್ದಾದ್ರೂ ತಗೊಳ್ಳಿ. ನನ್ನ ಕೈಯಂತೂ ಇಷ್ಟೇ,” ಎಂದು ಶಿವಮ್ಮ ಮುಖ ತಿರುಗಿಸಿದಳು.

ಕೊಟ್ಟಿಗೆಯಲ್ಲಿ ಜಾರಿ ಬಿದ್ದಾಗ ಮುರಿದಿದ್ದ ಬಲಭುಜದ ಮೂಳೆ ಕೂಡಿಕೊಂಡಿತ್ತು. ಕೈ ಮಾತ್ರ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ದಿನಾ ಸ್ವಲ್ಪ ಸ್ವಲ್ಪ ಮೇಲೆ ಹೋಗಿ ಎಂದಿದ್ದರು ಆಸ್ಪತ್ರೆಯಲ್ಲಿ. ಎರಡು ದಿನ ಮಾಡಿದಳು. ಮೂರನೇ ದಿನ ನೋವಿಗೆ ಅತ್ತು, ಬಿಟ್ಟೇಬಿಟ್ಟಳು. ಅಡುಗೆಮನೆಯ ಅಟ್ಟ ಎಟುಕದಾಯಿತು. ತಲೆ ಬಾಚಿ ತುರುಬು ಕಟ್ಟುವುದೂ ಗಂಡನ ಪಾಲಿನ ಕೆಲಸವಾಯಿತು. ಅವನೋ, ಕಾಫಿ ಮೂಟೆಯ ಬಾಯಿ ಬಿಗಿದ ಹಾಗೆ ಬಿಗಿಯುತ್ತಿದ್ದ. ಇನ್ನು ಸಾಯುವವರೆಗೂ ಹೀಗೇ ತಲೆ ಒಡ್ಡಿಕೊಂಡು ಕೂರಬೇಕಲ್ಲ ಎನ್ನುವುದೊಂದೇ ಅವಳ ಚಿಂತೆ.

ರ್ಯಾಕು ಮನೆಗೆ ಬಂತು. “ಕೈ ಎತ್ತು ನೋಡೋಣ,” ಎಂದ ಚನ್ನಮಲ್ಲಪ್ಪ. ಅದು ಎಲ್ಲಿಯವರೆಗೆ ಎದ್ದಿತೋ ಅಲ್ಲಿಗೇ ಒಂದು ಹಲಗೆ ಬಿಗಿದ. ಉಪ್ಪು, ಬೆಲ್ಲ, ಕಾಫಿಪುಡಿ ಅಲ್ಲಿಗೆ. ಅಕ್ಕಿ, ರಾಗಿಹಿಟ್ಟು ಅದರ ಕೆಳಗೆ. ವರ್ಷಕ್ಕೊಮ್ಮೆ ಇಳಿಸುವ ಹಿತ್ತಾಳೆ ಪಾತ್ರೆ ತೀರಾ ಮೇಲಕ್ಕೆ. ಆಮೇಲೆ ಭಾನುವಾರಗಳಂದು ಅವಳು ಸಂಘದ ಮೀಟಿಂಗ್ ಮುಗಿಸಿ ಬಂದರೆ ಗಂಡ ಸ್ಪ್ಯಾನರ್ ಹಿಡಿದು ರ್ಯಾಕಿನ ಮುಂದೆ ನಿಂತಿರುತ್ತಿದ್ದ.

“ನಟ್ಟು ಸಡ್ಲ ಆಗಿತ್ತು ಕಣೇ.”

“ಎಂಥ ರ್ಯಾಕು ತಂದ್ರೋ! ಹೂವಿಂದು ತಗೊಂಡಿದ್ರೆ ಈ ಕರ್ಮ ಇರ್ತಿತ್ತಾ?”

ರ್ಯಾಕು ಬಂದ ವಾರವೇ ಮಗಳ ಬಾಣಂತನಕ್ಕೆಂದು ಸಿದ್ದಾಪುರಕ್ಕೆ ಹೋಗಿದ್ದ ಪಕ್ಕದ ಮನೆಯ ಸುಲೋಚನಮ್ಮ ಮೂರು ತಿಂಗಳ ಮೇಲೆ ವಾಪಸು ಬಂದಳು. ಅವತ್ತೂ ಭಾನುವಾರ. “ನೀವು ಕೂತ್ಕಳಿ ಅಕ್ಕ, ಕಾಫಿ ನಾನೇ ಮಾಡ್ತೀನಿ,” ಎಂದು ಸೀದಾ ಅಡುಗೆಮನೆಗೆ ನುಗ್ಗಿದವಳು ರ್ಯಾಕಿನ ಮುಂದೆ ತುದಿಗಾಲಲ್ಲಿ ನಿಂತುಬಿಟ್ಟಳು.

“ಅಕ್ಕಾ, ನಾನು ಹೋಗೋವಾಗ ಈ ಬೆಲ್ಲದ ಡಬ್ಬ ಎದೆ ಹತ್ರ ಇತ್ತು. ಈಗ ನೆತ್ತಿ ಮೇಲೆ ಹೋಗಿದೆ! ನಾನು ಕುಗ್ಗಿದ್ನೋ, ನಿಮ್ಮ ರ್ಯಾಕು ಬೆಳೀತೋ?”

“ನೀನು ಯಾವಾಗ ಉದ್ದ ಇದ್ದೆ ಮಾರಾಯ್ತಿ!” ಎಂದು ಶಿವಮ್ಮ ನಗುತ್ತಾ, ದಿನಾ ಮಾಡುವ ಹಾಗೆ ಕೈ ಎತ್ತಿ ಡಬ್ಬ ಇಳಿಸಿಕೊಟ್ಟಳು. ಕೊಟ್ಟವಳು ಹಾಗೇ ನಿಂತಳು. ಎತ್ತಿದ್ದು ಬಲಗೈ.

ಸುಲೋಚನಮ್ಮ ಕಾಫಿ ಕುಡಿದು ಹೋದ ಮೇಲೆ ಅವಳು ರ್ಯಾಕಿನ ಕಾಲನ್ನು ಹತ್ತಿರದಿಂದ ನೋಡಿದಳು. ಎದೆಮಟ್ಟದ ತೂತಿನ ಸುತ್ತ ಬೂದು ಬಣ್ಣ ಕೆರೆದು ಬೋಲ್ಟು ಕೂತಿದ್ದ ಗುರುತು. ಅದರ ಮೇಲಿನದಕ್ಕೂ. ಅದರ ಮೇಲಿನದಕ್ಕೂ. ಬೆರಳಿಟ್ಟು ಎಣಿಸುತ್ತಾ ಹೋದಳು: ಒಂಬತ್ತು. ನಡುವೆ ಎರಡು ತೂತಿನ ಸುತ್ತ ಮಾತ್ರ ಎರಡೆರಡು ಸಲ ಕೆರೆದಿತ್ತು. ಒಂದು ವಾರ ಭುಜ ಹಿಡಿದುಕೊಂಡು ನರಳಿದ್ದು ಅವಳಿಗೆ ನೆನಪಾಯಿತು. ಆಗ ಗಂಡ ಹಲಗೆಯನ್ನು ಒಂದು ತೂತು ಕೆಳಗಿಳಿಸಿ, ಮತ್ತೆ ಏರಿಸಿದ್ದಾನೆ. ಎಣಿಸುತ್ತಾ ಬಂದ ಬೆರಳು ಹಣೆಗಿಂತ ಮೇಲೆ ನಿಂತಿತ್ತು. ಮಣೆ ಎಳೆದುಕೊಂಡು ಕೂತು, ಒಬ್ಬಳೇ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡಳು, ಸ್ವಲ್ಪ ಹೊತ್ತು ನಕ್ಕಳು.

ಚನ್ನಮಲ್ಲಪ್ಪ ತೋಟದಿಂದ ಬಂದಾಗ ಹೆಂಡತಿ ಒಲೆಯ ಮುಂದಿದ್ದಳು. ಅವಳೇ ಕಟ್ಟಿಕೊಂಡಿದ್ದ ತುರುಬು ಒಂದು ಕಡೆಗೆ ವಾಲಿತ್ತು. ಅವನು ಅದನ್ನು ಗಮನಿಸಲಿಲ್ಲ. ಮಂಚದ ಕೆಳಗೆ ತಡಕಾಡಿದ, ಬಾಗಿಲ ಹಿಂದೆ ನೋಡಿದ.

“ಸ್ಪ್ಯಾನರ್ ಇಲ್ಲೇ ಇಟ್ಟಿದ್ನಲ್ಲ…”

“ಮೇಲಿದೆ ನೋಡಿ.”

ಅವನು ತಲೆ ಎತ್ತಿದ. ತೀರಾ ಮೇಲಿನ ಹಲಗೆಯಲ್ಲಿ, ಹಿತ್ತಾಳೆ ಪಾತ್ರೆಗಳ ಪಕ್ಕ, ಸ್ಪ್ಯಾನರಿನ ತುದಿ ಹೊರಗೆ ಇಣುಕುತ್ತಿತ್ತು. ಅದನ್ನೇ ನೋಡುತ್ತಾ ನಿಂತ.

“ಯಾಕೆ, ಎಟುಕಲ್ವಾ?” ಎಂದಳು ಶಿವಮ್ಮ, ಕೈಯ ಹಿಟ್ಟು ಒರೆಸಿಕೊಳ್ಳುತ್ತಾ. “ಇರಿ, ನಾನೇ ತೆಗೆದುಕೊಡ್ತೀನಿ.”